ಜೂರಕಾನಳ ಕುರಿಗಳಿಗೆ ಕಡಲ ಪರವಾನಗಿ

ಮೊದಲು ಒಂದು ಒಗಟು. ದಡವಿಲ್ಲ, ಉಪ್ಪಿಲ್ಲ, ಅಲೆಯಿಲ್ಲ. ಮುನ್ನೂರ ಹನ್ನೆರಡು ಕುರಿ ಅದರ ತಳದಲ್ಲಿ ಹುಲ್ಲು ಮೇಯುತ್ತವೆ, ಇವತ್ತಿನವರೆಗೆ ಒಂದೂ ಮುಳುಗಿಲ್ಲ. ಅದು ಯಾವ ಸಮುದ್ರ?

ಗೊತ್ತಾಗಲಿಲ್ಲ ಅಂತ ಬೇಸರ ಬೇಡ. ಉತ್ತರ ನಾರಿನ್ ಪಟ್ಟಣದ ಮೇವುನೆಲ ನಕ್ಷಾ ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ, ಹಸಿರು ಕಪಾಟಿನ ಹದಿನೇಳನೇ ಕಡತದಲ್ಲಿದೆ. ಕಪಾಟಿನ ಬೀಗದ ಕೈ ನಿರ್ದೇಶಕರ ಹತ್ತಿರವಿದೆ. ನಿರ್ದೇಶಕರು ಸಭೆಯಲ್ಲಿದ್ದಾರೆ.

ಕಿರ್ಗಿಜ್ ದೇಶಕ್ಕೆ ಸಮುದ್ರವಿಲ್ಲ ಎಂಬುದು ಮೇ ತಿಂಗಳ ಹನ್ನೊಂದನೇ ತಾರೀಖು ಬೆಳಗ್ಗೆ ಹತ್ತೂವರೆಯವರೆಗೆ ನಿಜವಾಗಿತ್ತು. ಹತ್ತೂವರೆಗೆ ಜೂರಕಾನ್ ಎಂಬ ಅರವತ್ಮೂರರ ಹೆಂಗಸು ಆ ಸಂಸ್ಥೆಯ ಮೆಟ್ಟಿಲು ಹತ್ತಿದಳು. ಅವಳಿಗೆ ಬೇಕಿದ್ದದ್ದು ಒಂದು ಚೀಟಿ. ಕೋಕ್-ಸಾಯ್ ಎಂಬ ಎತ್ತರದ ಹುಲ್ಲುಗಾವಲಿಗೆ ಅವಳು ನಲವತ್ತೊಂದು ಬೇಸಿಗೆ ಕುರಿ ಹೊಡೆದುಕೊಂಡು ಹೋಗಿದ್ದಳು, ಯಾವ ಚೀಟಿಯೂ ಇಲ್ಲದೆ. ಈ ವರ್ಷ ಹೊಸ ನಿಯಮ ಬಂದಿತ್ತು: ಸಂಸ್ಥೆಯ ಗಣಕದ ನಕ್ಷೆಯಲ್ಲಿ ಹುಲ್ಲುಗಾವಲು ಎಲ್ಲಿದೆಯೋ ಅಲ್ಲೇ ಇದೆ ಎಂದು ಬರೆದ ಚೀಟಿ ತೋರಿಸದಿದ್ದರೆ ಸೇತುವೆಯ ಕಾವಲಿನವನು ಅಡ್ಡಗೋಲು ಎತ್ತುವಂತಿಲ್ಲ. ಇತ್ತ ಊರಲ್ಲಿ ಬಾರ್ಲಿ ಬಿತ್ತಿಯಾಗಿತ್ತು. ಇಪ್ಪತ್ತೈದನೇ ತಾರೀಖಿನ ಮೇಲೆ ಊರೊಳಗೆ ಕಂಡ ಕುರಿಯನ್ನು ಪಂಚಾಯಿತಿ ದೊಡ್ಡಿಗೆ ಕೂಡುತ್ತದೆ. ಅಂದರೆ ಜೂರಕಾನಳ ಕೈಯಲ್ಲಿದ್ದದ್ದು ಹದಿನಾಲ್ಕು ದಿನ.

ಗಣಕದ ಮುಂದೆ ಅಲ್ಮಾನ್‌ಬೆತ್ ಕೂತಿದ್ದ. ಹೋದ ಬೇಸಿಗೆ ಬೆಟ್ಟ ಬೆಟ್ಟ ಹತ್ತಿ ಹುಲ್ಲುಗಾವಲು ಅಳೆದ ಸಂಶೋಧಕ ಇವನೇ. ಅವಳ ಹೆಸರು ಒತ್ತಿದ. ನಾರಿನ್ ಕಾಣಿಸಿತು, ಆಮೇಲೆ ಚಿಕ್ಕದಾಯಿತು. ನಕ್ಷೆ ಕಜಾಕರ ಬಯಲು ದಾಟಿತು, ರಷ್ಯಾ ದಾಟಿತು, ಆಮೇಲೆ ತೆರೆಯೆಲ್ಲ ನೀಲಿ. ನೀಲಿಯ ನಟ್ಟನಡುವೆ ಒಂದು ಹಸಿರು ಚೌಕ.

"ಅಪಾ, ನಿಮ್ಮ ಹುಲ್ಲುಗಾವಲು ಸಮುದ್ರದಲ್ಲಿದೆ," ಅಂದ ಅಲ್ಮಾನ್‌ಬೆತ್. ತಾಯಿಯ ವಯಸ್ಸಿನವರಿಗೆ ಕೊಡುವ ಮರ್ಯಾದೆಯಲ್ಲಿ ಅವನು ಏನೂ ಕಡಿಮೆ ಮಾಡಲಿಲ್ಲ.

"ಎಷ್ಟು ಆಳ ಮಗಾ?"

"ಮುನ್ನೂರು ಮೀಟರ್ ಹತ್ತಿರ ಹತ್ತಿರ."

"ನಲವತ್ತೊಂದು ವರ್ಷದಲ್ಲಿ ನನ್ನ ಕಾಲ್ಚೀಲ ಒದ್ದೆಯಾಗಿಲ್ಲ."

ಕಾರಣ ಇಬ್ಬರಿಗೂ ಗೊತ್ತಿತ್ತು. ಭೂಮಿಯ ಮೇಲಿನ ಪ್ರತಿಯೊಂದು ಜಾಗಕ್ಕೂ ಎರಡು ಅಂಕಿ: ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು. ಕೋಕ್-ಸಾಯ್‌ಗೆ ಉತ್ತರಕ್ಕೆ ನಲವತ್ತೊಂದು, ಪೂರ್ವಕ್ಕೆ ಎಪ್ಪತ್ತೈದು. ಅಳೆಯಲು ಹೋದ ದಿನ ಅಲ್ಮಾನ್‌ಬೆತ್ ಅವಳ ಗುಡಾರದಲ್ಲಿ ಕುಮಿಸ್ ಕುಡಿದಿದ್ದ. ಹುಳಿ ಬಂದ ಕುದುರೆ ಹಾಲು, ಹದವಾಗಿ ತಲೆಗೇರುವಂಥದ್ದು. ಸಾಕು ಅನ್ನಬೇಕಾದರೆ ಅತಿಥಿ ಬಟ್ಟಲ ಮೇಲೆ ಅಂಗೈ ಮುಚ್ಚಬೇಕು. ಮುಚ್ಚುವವರೆಗೂ ಮನೆಯವರು ಸುರಿಯಬೇಕು. ಪಾಪ, ಅವನ ಒಂದು ಕೈಯಲ್ಲಿ ಅಳತೆಯ ಯಂತ್ರ, ಇನ್ನೊಂದರಲ್ಲಿ ಪೆನ್ನು. ಮುಚ್ಚಲು ಮೂರನೇ ಕೈ ಇರಲಿಲ್ಲ. ಆರನೇ ಬಟ್ಟಲಿಗೆ ಎಪ್ಪತ್ತೈದು ಮೊದಲ ಕಾಲಂಗೆ ಹೋಯಿತು, ನಲವತ್ತೊಂದು ಎರಡನೆಯದಕ್ಕೆ. ಮರ್ಯಾದೆ ಉಳಿಯಿತು, ಬೆಟ್ಟ ಮುಳುಗಿತು.

ಹಾಗಾದರೆ ತಿದ್ದಿಬಿಡು ಅಂದಳು ಜೂರಕಾನ್. ತಿದ್ದಲು ತನಗೆ ಬೆರಳಿದೆ, ಅಧಿಕಾರವಿಲ್ಲ ಅಂದ ಅವನು. ನಿಯಮ ಹದಿನಾಲ್ಕು ಸ್ಪಷ್ಟವಾಗಿದೆ: ನಕ್ಷೆಯಲ್ಲಿ ತಪ್ಪಿದೆ ಎಂದು ಯಾರಾದರೂ ದೂರಿದರೆ, ನಕ್ಷೆ ತೋರಿಸುವ ಜಾಗಕ್ಕೇ ಖುದ್ದಾಗಿ ಹೋಗಿ, ಅಲ್ಲಿ ಅದು ಇಲ್ಲವೆಂದು ಕಣ್ಣಾರೆ ಕಂಡು, ಇಬ್ಬರು ಸ್ಥಳೀಯರ ಸಹಿ ಪಡೆದು ಬರತಕ್ಕದ್ದು.

ಜೂರಕಾನ್ ಎದ್ದು ಹೋಗಿ ಕಿಟಕಿ ತೆರೆದಳು. ಊರಾಚೆ, ಎರಡು ಬೋಳುಗುಡ್ಡಗಳ ಸಂದಿಯಲ್ಲಿ, ಕೋಕ್-ಸಾಯ್ ತಲೆಯ ಮೇಲೆ ಹಿಮ ಹೊತ್ತು ನಿಂತಿತ್ತು.

"ಅಗೋ. ನೋಡ್ಕೋ."

ಅಲ್ಮಾನ್‌ಬೆತ್ ನೋಡಿದ. ಸ್ವಲ್ಪ ಹೊತ್ತು ಜಾಸ್ತಿಯೇ ನೋಡಿದ. ಆಮೇಲೆ, "ಕಿಟಕಿಗೆ ಕಡತ ಸಂಖ್ಯೆ ಇಲ್ಲ ಅಪಾ," ಅಂದ.

ವಿಷಯ ನಿರ್ದೇಶಕ ಶೈಲೋಬೆಕ್ ಅವರ ಮೇಜಿಗೆ ಹೋಯಿತು. ಅವರನ್ನು ಎಲ್ಲರೂ ಅಗಾಯ್, ಅಂದರೆ ಗುರುಗಳೇ, ಅನ್ನುತ್ತಿದ್ದರು. ಅವರು ಯಾರಿಗೂ ಏನೂ ಕಲಿಸಿರಲಿಲ್ಲ. ಮೇವುನೆಲದ ಸಂಶೋಧನೆಗೆ ಹಣ ಕೊಡುವವರು ಈಗ ಬೇಕಾದಷ್ಟಿಲ್ಲ, ಆದರೆ ಸಮುದ್ರಕ್ಕೆ ಕೊಡುವವರು ಇದ್ದಾರೆ ಎಂಬುದು ಅಗಾಯ್‌ಗೆ ಗೊತ್ತಿತ್ತು. ಮೂರನೇ ದಿನಕ್ಕೆ ಸಂಸ್ಥೆಯಲ್ಲಿ ಕಡಲ ಹುಲ್ಲುಗಾವಲು ವಿಭಾಗ ಶುರುವಾಯಿತು. ಅದಕ್ಕೆ ಅವರ ಭಾವಮೈದ ಮುಖ್ಯಸ್ಥನಾದ. ಆಯ್ಕೆ ನ್ಯಾಯವಾಗಿಯೇ ನಡೆಯಿತು. ಇಸ್ಸಿಕ್-ಕುಲ್ ಸರೋವರದಲ್ಲಿ ಎರಡು ಸಲ ಈಜಿದ ಅನುಭವ ಬೇರೆ ಯಾವ ಅಭ್ಯರ್ಥಿಗೂ ಇರಲಿಲ್ಲ, ಬೇರೆ ಅಭ್ಯರ್ಥಿಯೇ ಇರಲಿಲ್ಲ. ಸ್ಥಳ ಪರಿಶೀಲನೆಗೆಂದು ಅದೇ ಸರೋವರದ ದಡದಿಂದ ಒಂದು ದೋಣಿ ತಂದರು. ಪ್ರವಾಸಿಗಳು ಕಾಲಲ್ಲಿ ತುಳಿಯುವ, ಹಂಸದ ಆಕಾರದ ದೋಣಿ. ಸಂಸ್ಥೆಯ ಅಂಗಳದಲ್ಲಿ ಅದನ್ನು ನಿಲ್ಲಿಸಿದ್ದಾರೆ. ಮಧ್ಯಾಹ್ನ ಸಿಬ್ಬಂದಿ ಅದರಲ್ಲಿ ಕೂತು ಚಹಾದ ಜೊತೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ತಿನ್ನುತ್ತಾರೆ. ಹವೆ ಅನುಕೂಲವಾದ ಕೂಡಲೇ ಉತ್ತರಕ್ಕೆ ಹೊರಡುವುದೆಂದು ಕಡತದಲ್ಲಿ ಬರೆದಿದೆ.

ಇಷ್ಟರಲ್ಲಿ ಉಪಗ್ರಹದ ಚಿತ್ರಗಳೂ ಬಂದವು. ಹಸಿರು ಚೌಕದ ಮೇಲೆ ಹೋದ ಇಡೀ ಬೇಸಿಗೆ ಒಂದು ಕುರಿಯೂ ಕಂಡಿಲ್ಲ. ಗೊರಸಿನ ಗುರುತಿಲ್ಲ, ಸವೆದ ಮಣ್ಣಿಲ್ಲ. ಅತಿಯಾಗಿ ಮೇಯಿಸಿದ್ದಾರೆಂದು ಜಿಲ್ಲೆಯ ಉಳಿದೆಲ್ಲ ಕುರುಬರಿಗೆ ದಂಡ ಬಿದ್ದಿದ್ದಾಗ, ಕೋಕ್-ಸಾಯ್‌ಗೆ 'ಅತ್ಯಂತ ಸುಸ್ಥಿತಿಯ ಹುಲ್ಲುಗಾವಲು' ಎಂಬ ಪ್ರಶಸ್ತಿ ಬಂತು. ಅಗಾಯ್ ಸ್ವತಃ ಜೂರಕಾನಳ ಕೈಗೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರ ಕೊಟ್ಟು ಪಟ ತೆಗೆಸಿಕೊಂಡರು. ಇದನ್ನು ಸೇತುವೆಯಲ್ಲಿ ತೋರಿಸಿದರೆ ಬಿಡುತ್ತಾರಾ ಅಂತ ಅವಳು ಕೇಳಿದಳು. ಇಲ್ಲ ಅಂದರು ಅಗಾಯ್. ಅದು ಹುಲ್ಲಿಗೆ ಕೊಟ್ಟದ್ದು, ಕುರಿಗಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಅವಳು ದಿನಾ ಬಂದಳು. ಬಂದಾಗೆಲ್ಲ ಹಂಸದ ಪಕ್ಕದ ಬೆಂಚಿನ ಮೇಲೆ ಕೂತಳು. ಕೊನೆಗೆ ಇಪ್ಪತ್ತೆರಡನೇ ತಾರೀಖು ಗೋಡೆಯ ಮೇಲೆ ಪ್ರಕಟಣೆ ಬಿತ್ತು:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಶ್ರೀಮತಿ ಜೂರಕಾನ್ ಅವರ ಮುನ್ನೂರ ಹನ್ನೆರಡು ಕುರಿಗಳಿಗೆ ಕಡಲ ಪರವಾನಗಿ ಮಂಜೂರಾಗಿದೆ. ಪ್ರತಿಯೊಂದು ಕುರಿಯೂ ಕೊರಳಿಗೆ ತೇಲುವ ಸಾಧನ ಧರಿಸತಕ್ಕದ್ದು. ಮರಿಗಳು ತಾಯಿಯ ಜೊತೆಗಿರತಕ್ಕದ್ದು. ಕೊಂಬಿನ ಅಡಚಣೆಯಿಂದ ಸಾಧನ ಧರಿಸಲಾಗದ ಟಗರುಗಳಿಗೆ ವಿನಾಯಿತಿ ಕೋರಿ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಅಲೆಗಳಿಂದಾದ ನಷ್ಟಕ್ಕೆ ಸಂಸ್ಥೆ ಹೊಣೆಯಲ್ಲ."

ಜೂರಕಾನ್ ಮನೆಗೆ ಹೋಗಿ ಪೆಟ್ಟಿಗೆಯಿಂದ ತನ್ನ ಮದುವೆಯ ಕಂಬಳಿ ತೆಗೆದಳು. ಅವ್ವ ಎರಡು ಚಳಿಗಾಲ ಕೂತು ಉಣ್ಣೆ ಬಡಿದು, ಕೆಂಪು ಕೊಂಬಿನ ಚಿತ್ತಾರ ಹೊಲಿದದ್ದು. ಕತ್ತರಿ ಹಿಡಿದು ಮೂರು ದಿನ ಚೂರು ಮಾಡಿದಳು. ಮುನ್ನೂರ ಹನ್ನೊಂದು ಕೊರಳಿಗೆ ಕಟ್ಟಿದಳು. ಒಂದು ಮುದಿ ಟಗರಿನ ಕೊಂಬು ಎರಡು ಸುತ್ತು ಸುತ್ತಿ ಕಿವಿಗೆ ತಾಗಿತ್ತು. ಅದಕ್ಕೆ ಅರ್ಜಿ ಬರೆಸಿದಳು.

ಇಪ್ಪತ್ತೈದರ ಬೆಳಗ್ಗೆ ಸೇತುವೆಯ ಹತ್ತಿರ ಕಾವಲಿನ ಸಾತಿಬಾಲ್ಡಿ ಪರವಾನಗಿಯನ್ನು ಎರಡು ಸಲ ಓದಿದ. ಹಿಂದೆ ಊರಿನ ಉಳಿದ ಮಂದೆಗಳು ಸಾಲುಗಟ್ಟಿದ್ದವು.

"ಇವು ತೇಲ್ತಾವಾ ಅಪಾ?"

"ಉಣ್ಣೆ ಅಲ್ವೇನೋ. ನಿಮ್ಮ ಕಚೇರಿ ತೇಲ್ತಿಲ್ವಾ, ಅದಕ್ಕೆ ಏನು ಕಟ್ಟಿದಾರೆ?"

ಸಾತಿಬಾಲ್ಡಿ ತನ್ನ ಪುಸ್ತಕದಲ್ಲಿ 'ತೇಲುತ್ತವೆ' ಎಂದು ಬರೆದು, ಸಮುದ್ರದ ಸ್ಥಿತಿ ಎಂಬ ಜಾಗದಲ್ಲಿ 'ಶಾಂತ' ಎಂದು ತುಂಬಿ, ಅಡ್ಡಗೋಲು ಎತ್ತಿದ. ಟಗರನ್ನು ನೋಡಿಯೂ ನೋಡದವನಂತೆ ಮೂಗು ಒರೆಸಿಕೊಂಡ. ಕುರಿಗಳು ಕೆಂಪು ಚೂರು ಆಡಿಸುತ್ತ ಬೆಟ್ಟ ಹತ್ತಿದವು. ಕಡಲಲ್ಲಿ ಮೇಯಿಸಿದರೆ ದಂಡವಿಲ್ಲ ಎಂಬುದು ಉಳಿದವರಿಗೂ ಹೊಳೆಯಿತು. ಎಲ್ಲರೂ ಸಂಸ್ಥೆಗೆ ಹೋಗಿ ನಮ್ಮ ಅಂಕಿಗಳನ್ನೂ ತಿರುಗಿಸಿ ಅಂದರು. ಒಂದು ಅದಲುಬದಲಿಗೆ ಒಂದು ಕುರಿ ಎಂದು ಅಗಾಯ್ ದರ ಗೊತ್ತುಮಾಡಿದರು. ಹಿಮ ಬೀಳುವಷ್ಟರಲ್ಲಿ ಜಿಲ್ಲೆಯ ನಲವತ್ಮೂರು ಹುಲ್ಲುಗಾವಲೂ ಸಮುದ್ರ ಸೇರಿದವು. ಈಗ ಬೆಟ್ಟದ ದಾರಿಯಲ್ಲಿ ಕುರುಬರು ಎದುರಾದರೆ ಮೊದಲು ಕುದುರೆಯ ಕ್ಷೇಮ ಕೇಳುತ್ತಾರೆ, ಆಮೇಲೆ ಮಕ್ಕಳದು, ಆಮೇಲೆ ಅಲೆಗಳದು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಸಾತಿಬಾಲ್ಡಿ ಅಡ್ಡಗೋಲು ಎತ್ತಿದ ಅಂದೆನಲ್ಲ, ಅಲ್ಲಿಂದ ಈಚೆಗಿನದ್ದೆಲ್ಲ ನಾನೇ ಕಟ್ಟಿದ್ದು. ಅವನು ಎತ್ತಲಿಲ್ಲ; ಟಗರಿನ ಅರ್ಜಿ ಇನ್ನೂ ಮಂಜೂರಾಗಿಲ್ಲ, ಅಗಾಯ್ ಸಭೆಯಲ್ಲಿದ್ದಾರೆ. ಕುರಿಗಳು ಪಂಚಾಯಿತಿ ದೊಡ್ಡಿಯಲ್ಲಿವೆ, ಕೊರಳಲ್ಲಿ ಮದುವೆ ಕಂಬಳಿಯ ಚೂರು ಹಾಗೇ ಇದೆ. ಜೂರಕಾನ್ ದಿನಾ ಹೋಗಿ ಬೇಲಿ ಸಂದಿಯಿಂದ ಹುಲ್ಲು ತೂರಿಸುತ್ತಾಳೆ. ಊರವರು ಯಾರನ್ನೂ ಬೈಯಲಿಲ್ಲ. ಕಡಲು ಅಂದಮೇಲೆ ಇದೆಲ್ಲ ಇದ್ದದ್ದೇ ಅಂದರು. ಕೊನೆ ನಾನು ಕಟ್ಟಿದ್ದು, ಅದನ್ನು ಯಾರು ಬೇಕಾದರೂ ಅಳಿಸಬಹುದು. ಸಮುದ್ರ ಮಾತ್ರ ನಾನು ಕಟ್ಟಿದ್ದಲ್ಲ. ಅದಕ್ಕೆ ಮೊಹರು ಬಿದ್ದಿದೆ.