ಅರ್ಚಕನ ತಲೆಸುತ್ತು

ಬಿದ್ದರೆ ಗುಟ್ಟು ರಟ್ಟಾದೀತೆಂದು ಹೆದರಿಕೊಂಡೇ ಓಡಾಡುವವನನ್ನು ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಆದವಾನಿಯ ಒಂದು ಗುಡಿಯಲ್ಲಿ ನಾನು ಅರ್ಚಕ. ಅರವತ್ತು ದಾಟಿದ ಮೇಲೆ ತಲೆಸುತ್ತು ಶುರುವಾಯಿತು. ಆಗ ಊರಲ್ಲೆಲ್ಲ ಜರ್ಮನಿಯ ಯುದ್ಧದ ಮಾತು. ನನ್ನ ಯುದ್ಧ ಮಾತ್ರ ಗರ್ಭಗುಡಿಯ ಹೊಸ್ತಿಲಿನ ಜೊತೆ. ಗುಡಿಯ ಆಡಳಿತ ನೋಡುವ ನಮ್ಮ ಧರ್ಮಕರ್ತರು ಬಲು ಕಟ್ಟುನಿಟ್ಟಿನವರು. ಕೈಯಲ್ಲಿ ದೀಪ ಹಿಡಿದವನು ತೂರಾಡುವುದು ಅವರ ಕಣ್ಣಿಗೆ ಬಿದ್ದರೆ ಪೂಜೆ ಬೇರೆಯವರ ಪಾಲು. ಬೆಳಗಾಗೆದ್ದು ದೇವರಿಗೆ ನೀರೆರೆಯದೆ ನಾನು ಮತ್ತೇನು ಮಾಡಿಯೇನು? ಆ ಯೋಚನೆಗೇ ತಲೆ ಇನ್ನಷ್ಟು ತಿರುಗುತ್ತಿತ್ತು.

ಒಂದು

ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಆಯುಷ್ಯವಿಡೀ ಗರ್ಭಗುಡಿಯನ್ನು ಬಲಕ್ಕೆ ಸುತ್ತಿ ಸುತ್ತಿ ತಲೆಯೊಳಗಿನ ನರವೂ ಸುತ್ತಿಕೊಂಡಿದೆ ಎಂದು ಆಕೆಯೇ ರೋಗ ಕಂಡುಹಿಡಿದಳು. ಔಷಧವೂ ಆಕೆಯದೇ. ಹುರಿ ಹೆಚ್ಚಾದ ಹಗ್ಗವನ್ನು ಹಿಂದಕ್ಕೆ ತಿರುವಿದರೆ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ ನಾನು ಹಿತ್ತಲಲ್ಲಿ ನಿಂತಲ್ಲೇ ಎಡಕ್ಕೆ ಮೂರು ಸುತ್ತು ತಿರುಗಬೇಕು. ಅರ್ಚಕನ ಅಪ್ರದಕ್ಷಿಣೆಯನ್ನು ಯಾರಾದರೂ ಕಂಡಾರೆಂದು ಆಕೆ ಬಾಗಿಲಲ್ಲಿ ಕಾವಲು ನಿಂತಳು. ಮೂರನೆಯ ಸುತ್ತಿಗೆ ನಾನು ಹತ್ತಿಕಟ್ಟಿಗೆಯ ರಾಶಿಯ ಮೇಲೆ ಅಂಗಾತ ಬಿದ್ದಿದ್ದೆ. ಓಡಿ ಬಂದವಳು ನನ್ನನ್ನು ಎಬ್ಬಿಸಲಿಲ್ಲ, ನಿಂತು ಯೋಚಿಸಿದಳು.

"ಒಂದು ಸುತ್ತು ಹೆಚ್ಚಾಗೇದ ಕಾಣಸ್ತದ. ಎದ್ದು ಒಂದ ಸಲ ಬಲಕ್ಕ ತಿರುಗಿ ನೋಡ್ರಿ."

ಎರಡು

ಶಠಗೋಪವೆಂದರೆ ದೇವರ ಪಾದವಿರುವ ಲೋಹದ ಕಿರೀಟ. ಅದನ್ನು ಭಕ್ತರ ತಲೆಗೆ ಮುಟ್ಟಿಸಿ ತೆಗೆಯಬೇಕು. ನಾನು ಮುಟ್ಟಿಸುತ್ತಿದ್ದೆ, ತೆಗೆಯುತ್ತಿರಲಿಲ್ಲ. ಬಗ್ಗಿದೊಡನೆ ನೆಲ ಓಲಾಡುತ್ತಿತ್ತು. ಅದು ನಿಲ್ಲುವವರೆಗೆ ಭಕ್ತನ ತಲೆಯೇ ನನಗೆ ಊರುಗೋಲು. ಪೆದ್ದಹರಿವಾಣದ ರೈತರು ಬಂದರೆ ಜೀವಕ್ಕೆ ಸಮಾಧಾನ, ಗಟ್ಟಿ ಕತ್ತಿನವರು. ಒಂದು ಶನಿವಾರ ಬಡಕಲು ಮುದುಕಿಯೊಬ್ಬಳು ತಲೆಯೊಡ್ಡಿದಳು. ಶಠಗೋಪ ಇಟ್ಟೆ, ಕಣ್ಣು ಕತ್ತಲಾಯಿತು. ಆಕೆ ಮೆಲ್ಲಗೆ ಕುಸಿದಳು, ಆಕೆಯೊಂದಿಗೆ ನಾನೂ. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತೆವು. ಧರ್ಮಕರ್ತರು ಅಲ್ಲೇ ನಿಂತು ನೋಡುತ್ತಿದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮುದುಕಿ ಸೆರಗು ಸರಿಮಾಡಿಕೊಂಡು ಅವರ ಕಡೆ ತಿರುಗಿ, "ನನ್ನ ಮದಿವ್ಯಾಗೂ ಇಷ್ಟು ಭಾರದ ಆಶೀರ್ವಾದ ಸಿಕ್ಕಿದ್ದಿಲ್ಲ ನೋಡ್ರಿ" ಅಂದಳು.

ಮೂರು

ಮುದುಕಿಯ ಮಾತಿನಿಂದ ಆ ದಿನ ಪಾರಾದ ನಾನು ಆಮೇಲೆ ಮಂಟಪದ ಮೂಲೆಗಂಬವನ್ನು ಅಪ್ಪಿ, ಕಣ್ಣು ಮುಚ್ಚಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಯಾಕೆಂದು ಕೇಳಿದವರಿಗೆ ಉತ್ತರ ಕೊಡಲಿಲ್ಲ, ಅದೇ ತಪ್ಪಾಯಿತು. ಅರ್ಚಕರೇ ಅಪ್ಪುವ ಕಂಬವೆಂದ ಮೇಲೆ ಜನ ಬಿಟ್ಟಾರೆಯೇ? ತಿಂಗಳೊಳಗೆ ಕಂಬಕ್ಕೆ ಅರಿಶಿನ ಕುಂಕುಮ ಬಿತ್ತು. ಹಾಲಹರವಿಯಿಂದ ಗಾಡಿ ಕಟ್ಟಿಕೊಂಡು ಬಂದು ಅಪ್ಪಿಹೋಗುವವರಾದರು. ಒಂದು ದಿನ ನನಗೆ ಜೋರಾಗಿ ತಲೆ ತಿರುಗಿತು, ಕಂಬ ಖಾಲಿ ಇರಲಿಲ್ಲ. ಸಾಲಿನಲ್ಲಿ ಬನ್ನಿ ಎಂದು ಯಾರೋ ನನಗೇ ಹೇಳಿದರು.

ಗೋಡೆ ಹಿಡಿದು ಮುಂದೆ ಹೋದರೆ, ಕಂಬ ಅಪ್ಪಿ ನಿಂತವರು ಸ್ವತಃ ಧರ್ಮಕರ್ತರು. ಜಾಗ ಕೇಳಿದರೆ ಪೂಜೆ ಹೋಗುತ್ತದೆ, ಕೇಳದಿದ್ದರೆ ಇಲ್ಲೇ ಬೀಳುತ್ತೇನೆ. ಕೊನೆಗೆ ತುಸು ಜಾಗ ಬಿಡಿ ಎಂದು ಕೇಳಿಯೇಬಿಟ್ಟೆ.

ಅವರು ಕಣ್ಣು ತೆರೆಯಲಿಲ್ಲ. "ಕೊಂಚೆಂ ಆಗಂಡಿ ಸ್ವಾಮಿ, ತುಸು ತಡೀರಿ, ಇನ್ನಾ ತಲಿ ತಿರಗಾಕತ್ತೈತಿ" ಎಂದು ಪಿಸುಗುಟ್ಟಿದರು. "ನಮ್ಮ ಮನ್ಯಾಗ ಹೇಳಬ್ಯಾಡ್ರಿ. ಗೊತ್ತಾದ್ರ ನನ್ನ ಮಗ ನಾಳೇನ ಬಂದು ನನ್ನ ಜಾಗದಾಗ ಕುಂಡ್ರತಾನ."

ನಾನು ಕಂಬವನ್ನು ಇನ್ನೊಂದು ಬದಿಯಿಂದ ಅಪ್ಪಿದೆ. ಇಷ್ಟು ದಿನ ನನ್ನನ್ನು ಹೆದರಿಸಿದ ಮನುಷ್ಯನ ಕೈ ತಗುಲಿತು. ಒಬ್ಬರ ಮಣಿಕಟ್ಟನ್ನು ಒಬ್ಬರು ಬಿಗಿಯಾಗಿ ಹಿಡಿದುಕೊಂಡೆವು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಾದು ಕಾದು ಬೇಸತ್ತು, ಇಷ್ಟು ಹೊತ್ತು ಅದೇನು ಬೇಡಿಕೊಳ್ಳುತ್ತಿದ್ದೀರಿ ಎಂದು ಕೇಳಿದಳು.

"ಏನೂ ಬೇಡಾಕತ್ತಿಲ್ಲ ತಾಯಿ. ಬೀಳಲಾರದಂಗ ನಿಂತೀವಿ, ಅಷ್ಟ" ಅಂದರು ಧರ್ಮಕರ್ತರು.

ಆಕೆ ಗಲ್ಲ ಗಲ್ಲ ಬಡಿದುಕೊಂಡು ಹಿಂದಿನವರ ಕಡೆ ತಿರುಗಿದಳು. "ಹಿರೇರು ಹೇಳಿದ್ದು ಕೇಳಿದ್ರೇನು? ಕಂಬ ಹಿಡದಾಗ ಏನೂ ಬೇಡಬಾರದಂತ."