ಅಕ್ಕಿ ಮೂಟೆಗಳ ನಡುವೆ ಆಪ್ತಸಮಾಲೋಚನೆ

ಯುವರಾಜ್ ಬಾಯಿ ಬಿಡದಿದ್ದದ್ದೇ ಎಲ್ಲ ರಗಳೆಗೂ ಮೂಲ. ಹತ್ತನೇ ಕ್ಲಾಸಿನ ಲೀಡರು, ಊರಿಗೆಲ್ಲ ವಾಚಾಳಿ ಅನ್ನಿಸಿಕೊಂಡ ಹುಡುಗ, ಒಂದು ವಾರದಿಂದ ಹಾಜರಿಗೆ "ಎಸ್ ಸಾ" ಅನ್ನುವುದು ಬಿಟ್ಟರೆ ಇನ್ನೊಂದು ಮಾತಾಡಿರಲಿಲ್ಲ. ಬೇರೆ ಮೇಷ್ಟ್ರಾಗಿದ್ದರೆ ಪೀಡೆ ತೊಲಗಿತು ಅಂದುಕೊಂಡು ನೆಮ್ಮದಿಯಾಗಿ ಪಾಠ ಮಾಡುತ್ತಿದ್ದರು. ಸಮಾಜ ವಿಜ್ಞಾನದ ಭೀಮರಾಜು ಮೇಷ್ಟ್ರಿಗೆ ಮಾತ್ರ ಹಬ್ಬದೂಟ ಸಿಕ್ಕಷ್ಟು ಖುಷಿಯಾಯಿತು.

ಅದಕ್ಕೆ ಕಾರಣವಿತ್ತು. ತಿಂಗಳ ಮೊದಲಿಗೆ ಅವರು ಮಧುಗಿರಿಯಲ್ಲಿ ಆಪ್ತಸಮಾಲೋಚನೆಯ ತರಬೇತಿ ಮುಗಿಸಿ ಬಂದಿದ್ದರು. ಅಲ್ಲಿ ಕಲಿತ ಸಿದ್ಧಾಂತಗಳನ್ನು ಮಕ್ಕಳ ಮೇಲೆ ಹೇಗೆ ಬಳಸುತ್ತಿದ್ದಾರೆಂದು ನೋಡಲು ತರಬೇತಿ ಕೊಟ್ಟ ರಾಧಾಮಣಿ ಮೇಡಂ ಅಂದು ಮಧ್ಯಾಹ್ನ ಬರುವವರಿದ್ದರು. ಮೇಡಂ ಮೆಚ್ಚಿದರೆ ಭೀಮರಾಜು ಇನ್ನು ಮೇಲೆ ಮಧುಗಿರಿಯಲ್ಲೇ ತರಬೇತಿ ಕೊಡುತ್ತಾ ಕೂರಬಹುದು. ಮನೆ ಮಧುಗಿರಿಯಲ್ಲಿ, ಶಾಲೆ ತಾವರೆಕೆರೆಯ ಆಚೆ. ದಿನಾ ಶಿರಾದಲ್ಲಿ ಬಸ್ಸು ಬದಲಿಸಿ, ಕಂಬಿ ಹಿಡಿದು ನೇತಾಡಿ ಅವರಿಗೆ ಸಾಕಾಗಿ ಹೋಗಿತ್ತು. ಹೆಂಡತಿ ವನಜಾಕ್ಷಿಯಂತೂ ಬೆಳಗ್ಗೆ ಡಬ್ಬಿ ಕೊಡುತ್ತಾ, "ಈ ಸಲನೂ ಆಗ್ಲಿಲ್ಲ ಅಂದ್ರೆ ಆ ಬಸ್ಸಲ್ಲೇ ಮನೆ ಮಾಡ್ಕಳಿ" ಎಂದು ಹೇಳಿ ಕಳಿಸಿದ್ದಳು.

ಗುಟ್ಟಾಗಿ ಮಾತಾಡಲು ಶಾಲೆಯಲ್ಲಿದ್ದ ಒಂದೇ ಜಾಗ ಬಿಸಿಯೂಟದ ಅಕ್ಕಿ ಇಡುವ ಕೋಣೆ. ಯುವರಾಜನನ್ನು ಒಂದು ಮೂಟೆಯ ಮೇಲೆ ಕೂರಿಸಿ, ಎದುರಿನ ಮೂಟೆಯ ಮೇಲೆ ತಾವು ಕೂತು, ಮೇಷ್ಟ್ರು ಬಾಗಿಲು ಮುಂದಕ್ಕೆ ಎಳೆದುಕೊಂಡರು.

"ನೋಡಪ್ಪ, ಇಲ್ಲಿ ಆಡಿದ ಮಾತು ಈ ಕೋಣೆ ದಾಟಲ್ಲ. ನಾನು ಬೈಯಲ್ಲ, ಬುದ್ಧಿನೂ ಹೇಳಲ್ಲ. ಬರೀ ಕೇಳ್ತೀನಿ."

ಬೈಯದ, ಬುದ್ಧಿ ಹೇಳದ ಮೇಷ್ಟ್ರನ್ನು ಯುವರಾಜ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇದರಲ್ಲಿ ಏನೋ ಮಸಲತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು. ಮೇಷ್ಟ್ರು ಕಲಿತ ಪ್ರಕಾರ ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಹುಡುಗ ಹಿಂದಕ್ಕೆ ಸರಿದು ಮೂಟೆಯಿಂದ ಜಾರಿದ. ಬೆಲ್ಲು ಹೊಡೆಯುವವರೆಗೂ ಅವನ ಬಾಯಿಂದ ಒಂದಕ್ಷರ ಬರಲಿಲ್ಲ.

ಹೊರಗೆ ಬಂದರೆ ಅಡುಗೆಯ ಶಿವರುದ್ರಮ್ಮ ಸೌಟು ಹಿಡಿದು ನಿಂತಿದ್ದಳು.

"ಸಾ, ಆ ಹೈದ ಏನಂದ?"

"ಅದನ್ನ ಹೇಳಂಗಿಲ್ಲ ಕಣಮ್ಮ, ಗುಟ್ಟು."

ಗುಟ್ಟು ಅಂದದ್ದೇ ತಪ್ಪಾಯಿತು. ಅಕ್ಕಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡುವ ಗುಟ್ಟು ಅಕ್ಕಿಬೇಳೆಯದಲ್ಲದೆ ಇನ್ನೇನು?

"ಒಂದಿನ ಸಾ, ಒಂದೇ ದಿನ. ಮಗ್ಳು ಬಾಣಂತಿ ಅಂತ ಸೆರಗಿನಾಗೆ ಒಂದೀಟು ತೊಗ್ರಿಬ್ಯಾಳೆ ಕಟ್ಕಂಡೋದೆ. ಅದ್ನೂ ನೋಡ್ಬುಟ್ಟವ್ನಾ?"

ಎದುರಿನವರು ಹೇಳಿದ್ದನ್ನೇ ಅವರಿಗೆ ತಿರುಗಿ ಹೇಳಬೇಕು, ಆಗ ಅವರ ಮನಸ್ಸು ಹಗುರಾಗುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಭೀಮರಾಜು ನಿಧಾನವಾಗಿ ತಲೆ ಆಡಿಸಿ, "ಅಂದ್ರೆ, ಸೆರಗಲ್ಲಿ ಬೇಳೆ ಕಟ್ಕಂಡು ಹೋದೆ ಅಂತೀಯ" ಎಂದರು. ಶಿವರುದ್ರಮ್ಮನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಅವಳು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾ ಒಲೆಯ ಕಡೆ ಓಡಿದಳು.

ಅದನ್ನು ಕಂಡ ಪಿ.ಟಿ. ಮೇಷ್ಟ್ರು ಮರುಳಸಿದ್ದಯ್ಯ ಭೀಮರಾಜುವನ್ನು ಗೋಡೆಯ ಮರೆಗೆ ಎಳೆದರು. "ವಾಲಿಬಾಲ್ ವಿಷಯ ಎತ್ತಿದ್ನಾ ಮೇಷ್ಟ್ರೇ? ಹೊಸ ಬಾಲು ನಮ್ಮನೇಲಿರೋದು ನಿಜ. ಇಲ್ಲಿದ್ರೆ ಮುಳ್ಳು ಚುಚ್ತದೆ ಅಂತ ತಗಂಡೋದೆ. ಸಂಜೆ ನಮ್ಮೂರ ಹುಡುಗ್ರು ಸ್ವಲ್ಪ ಆಡ್ತಾರೆ, ಅಷ್ಟೇ."

"ಅಂದ್ರೆ, ನಿಮ್ಮೂರ ಹುಡುಗ್ರು ಆಡ್ತಾರೆ ಅಂತೀರಿ."

"ನಾಳೆನೇ ತಂದಿಡ್ತೀನಿ ಕಣ್ರೀ, ಮೇಲಕ್ಕೆ ಬರೀಬ್ಯಾಡಿ!"

ಇಷ್ಟರಲ್ಲಿ ಹೆಡ್‌ಮಾಸ್ಟರ್ ರೇಣುಕಪ್ರಸಾದ್ ಅವರಿಂದ ಕರೆ ಬಂತು. ಅವರು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು.

"ಅಡುಗೆಯವಳು ಅಳ್ತಾಳೆ, ಪಿ.ಟಿ. ಮೇಷ್ಟ್ರು ಬೆವರ್ತಾರೆ. ಏನ್ರೀ ಇದು ತನಿಖೆ? ಯಾರು ಮಾಡಿಸ್ತಿರೋದು?"

"ತನಿಖೆ ಅಲ್ಲ ಸಾರ್, ಆಪ್ತಸಮಾಲೋಚನೆ."

"ನಂಗೆ ಹೇಳಕ್ಕೆ ಬರ್ಬೇಡಿ. ಊಟ ಆದ್ಮೇಲೆ ನಾನು ಬಾಗ್ಲು ಹಾಕ್ಕೊಳ್ಳೋದು ಕಡತ ನೋಡಕ್ಕೆ. ನಡುವೆ ಒಂಚೂರು ಕಣ್ಮುಚ್ಚಿ ಯೋಚನೆ ಮಾಡ್ತೀನಿ. ಅದಕ್ಕೆ ಗೊರಕೆ ಅಂತ ಹೆಸ್ರಿಟ್ಟನಾ ಆ ಹುಡುಗ?"

"ಅಂದ್ರೆ, ನೀವು ಕಣ್ಮುಚ್ಚಿ..."

"ಸಾಕು! ಹೋಗ್ರೀ ಆಚೆಗೆ!"

ಭೀಮರಾಜುಗೆ ಈಗ ನಿಜವಾಗಿ ಅನುಮಾನ ಹುಟ್ಟಿತು. ಶಾಲೆಗೆ ಶಾಲೆಯೇ ಒಬ್ಬ ಹುಡುಗನಿಗೆ ಹೀಗೆ ಹೆದರುತ್ತಿದೆ ಅಂದರೆ, ಇವರಲ್ಲೇ ಯಾರೋ ಒಬ್ಬರು ಅವನ ಬಾಯಿಗೆ ಬೀಗ ಜಡಿದಿದ್ದಾರೆ. ಮೇಡಂ ಎದುರಿಗೇ ಆ ಬೀಗ ಒಡೆದರೆ ಮಧುಗಿರಿ ಕೈಗೆ ಸಿಕ್ಕಂತೆಯೇ. ಆ ಖುಷಿಯಲ್ಲಿ ಅವರು ಡಬ್ಬಿಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮಧ್ಯಾಹ್ನ ರಾಧಾಮಣಿ ಮೇಡಂ ಬಂದು ಅಕ್ಕಿ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕರೆಯದಿದ್ದರೂ ಹೆಡ್‌ಮಾಸ್ಟರು, ಪಿ.ಟಿ. ಮೇಷ್ಟ್ರು, ಶಿವರುದ್ರಮ್ಮ ಮೂವರೂ ಬಾಗಿಲಿಗೆ ಅಂಟಿಕೊಂಡು ನಿಂತರು.

"ಮೇಡಂ, ಈ ಹುಡುಗನ್ನ ಯಾರೋ ದೊಡ್ಡೋರು ಹೆದರಿಸಿದಾರೆ" ಎಂದು ಭೀಮರಾಜು ಬಾಗಿಲ ಕಡೆ ಒಂದು ನೋಟ ಬಿಟ್ಟರು. ಮೂವರ ಮುಖವೂ ಬಿಳಿಚಿಕೊಂಡಿತು. "ಹೇಳಪ್ಪ ಯುವರಾಜ, ನಿನ್ನ ಬಾಯಿ ಕಟ್ಟಿರೋದು ಯಾರು? ಅವರು ಎಂಥೋರೇ ಆಗಿರ್ಲಿ, ನಾನಿದೀನಿ."

"ಏಳ್ಲಾ ಸಾ?"

"ಹೇಳು."

"ಆಮ್ಯಾಲೆ ಬೈಯಂಗಿಲ್ಲ."

"ಬೈಯಲ್ಲ ಕಣೋ, ಹೇಳು."

"ನೀವೇ ಸಾ."

ಬಾಗಿಲಲ್ಲಿದ್ದ ಮೂವರೂ ಕತ್ತು ಒಳಗೆ ಚಾಚಿದರು. ಯುವರಾಜ್ ಮೇಡಂ ಕಡೆ ತಿರುಗಿದ.

"ಕೊನೇ ಪೀರಿಯಡ್ ಬುಟ್ಟು ನೀವು ಶಿರಾ ಬಸ್ಸಿಗೋಯ್ತೀರಲ್ಲ ಸಾ. ಓದ್ವಾರ ನನ್ ಕರ್ದು, ಕ್ಲಾಸು ನೋಡ್ಕಳ್ಲಾ, ಯಾರಾರ ಕೇಳುದ್ರೆ ಮೇಷ್ಟ್ರು ಒಳಗವ್ರೆ ಅನ್ನು, ಬಾಯ್ಬುಟ್ರೆ ಐತೆ ನಿಂಗೆ ಅಂದ್ರಿ. ನಂಗೋ ಮಾತು ಸುರುವಾದ್ರೆ ನಿಲ್ಲಕಿಲ್ಲ. ಎಲ್ಲಿ ಜಾರ್ಬುಡ್ತದೋ ಅಂತ ಮಾತಾಡೋದ್ನೇ ಬುಟ್ಬುಟ್ಟೆ. ಬ್ರಹ್ಮಪುತ್ರಾ ನದಿ ಗಂಟ ಪಾಠಾನೂ ನಾನೇ ಬಾಯ್ಬುಡ್ದಂಗೆ ಬೋರ್ಡ್ ಮ್ಯಾಲೆ ಬರ್ದು ಮಾಡಿವ್ನಿ ಮೇಡಂ."

ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಆಡಿದ್ದ ಆ ಮಾತು ಭೀಮರಾಜುಗೆ ಈಗ ನೆನಪಾಯಿತು. ಬಾಗಿಲಲ್ಲಿದ್ದ ಮೂವರ ಮುಖಕ್ಕೆ ಕಳೆ ಬಂತು. ಶಿವರುದ್ರಮ್ಮ ಮೇಡಂಗೆ ಕಾಫಿ ತರಲು ಕುಣಿದುಕೊಂಡೇ ಹೋದಳು.

ಮೇಡಂ ಕುರ್ಚಿಯನ್ನು ಮೇಷ್ಟ್ರ ಕಡೆಗೆ ತಿರುಗಿಸಿಕೊಂಡು ಹೇಳಿದರು: "ಮೇಷ್ಟ್ರ ಎದುರಿಗೇ ಮೇಷ್ಟ್ರ ಹೆಸರು ಹೇಳೋ ಧೈರ್ಯ ಈ ಹುಡುಗನಿಗೆ ಬಂದಿದೆ. ಸಮಾಲೋಚನೆ ಚೆನ್ನಾಗೇ ಮಾಡಿದೀರಿ ಭೀಮರಾಜು, ಇದನ್ನ ಅರ್ಧಕ್ಕೆ ಬಿಡಬಾರದು. ಮಧುಗಿರಿಗೆ ಬೇರೆಯೋರನ್ನ ನೋಡ್ತೀನಿ. ನೀವು ದಿನಾ ಕೊನೇ ಪೀರಿಯಡ್ ಮುಗಿಸಿ, ಆಮೇಲೆ ಒಂದು ಗಂಟೆ ಕೂತು ಮಕ್ಕಳ ಮಾತು ಕೇಳಿ."

"ನಾನೇ ಖುದ್ದಾಗಿ ಕೂರಿಸ್ತೀನಿ ಮೇಡಂ" ಎಂದರು ಹೆಡ್‌ಮಾಸ್ಟರು. ಅವರ ಕಣ್ಣಲ್ಲಿ ಈಗ ನಿದ್ದೆಯ ಸುಳಿವೇ ಇರಲಿಲ್ಲ.

ಅಂದು ಸಂಜೆಯೇ ಕೆಲಸ ಶುರುವಾಯಿತು. ಯುವರಾಜ್ ವಾರದಿಂದ ತಡೆದಿಟ್ಟಿದ್ದ ಮಾತನ್ನೆಲ್ಲ ಹೊರಗೆ ಹಾಕಿದ. ಅವರ ಮನೆಯ ಎಮ್ಮೆ, ಎಮ್ಮೆಗೆ ಬಂದ ಕಾಯಿಲೆ, ಕಾಯಿಲೆಗೆ ಮದ್ದು ಕೊಟ್ಟ ಸೋದರಮಾವ, ಮಾವನ ಎರಡನೇ ಮದುವೆ. ಶಿರಾ ಬಸ್ಸು ಹಾರನ್ ಹೊಡೆದುಕೊಂಡು ಶಾಲೆಯ ಮುಂದೆ ಹಾದುಹೋಯಿತು. ಭೀಮರಾಜು ಅಳು ನುಂಗಿಕೊಂಡು ಮೂಟೆಯಿಂದ ಅರ್ಧ ಎದ್ದರು.

"ಕೂತ್ಕಳಿ ಸಾ," ಅಂದ ಯುವರಾಜ್, "ಇನ್ನೂ ಐತೆ."