ಕಬಡ್ಡಿ ಕಣದಲ್ಲಿ ನನ್ನ ಹೊಟ್ಟೆ

ತೊಂಬತ್ತರ ಆಸುಪಾಸಿನಲ್ಲಿ, ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಮೂರು ವರ್ಷ ನಾನು ಕಬಡ್ಡಿ ತಂಡದ ಆಧಾರಸ್ತಂಭವಾಗಿದ್ದೆ. ಸ್ತಂಭ ಅಂದಮೇಲೆ ಕದಲಬಾರದು ತಾನೇ? ಮೊದಲ ಎರಡು ವರ್ಷ ಕಣದ ಹೊರಗಿನ ಬೆಂಚಿನಿಂದ ನಾನು ಕದಲಲೇ ಇಲ್ಲ!

ನನ್ನ ಕೆಲಸ ಇಷ್ಟೇ. ಮೂಲೆಯಲ್ಲಿ ನಿಂತು, ದಾಳಿಗೆ ಬಂದವನ ಕಾಲು ಹಿಡಿದು, ಅವನ ಮೇಲೆ ಬೀಳುವುದು. ಬೀಳುವುದರಲ್ಲಿ ನನಗೆ ಸಾಟಿಯೇ ಇರಲಿಲ್ಲ. ಆದರೆ ಎಂಬತ್ತು ಕೆಜಿ ದಾಟಿದವರನ್ನು ಪಂದ್ಯಕ್ಕೆ ಬಿಡುತ್ತಿರಲಿಲ್ಲ. ನಾನೋ, ಪ್ರತಿ ಸಲವೂ ದಾಟಿರುತ್ತಿದ್ದೆ. ಕೊನೆಯ ವರ್ಷ ದೇವನಹಳ್ಳಿ ಪಕ್ಕದ ಚನ್ನರಾಯಪಟ್ಟಣದಲ್ಲಿ ಪಂದ್ಯ ಬಿತ್ತು. ಅದೂ ತಪ್ಪಿದರೆ ಒಂದಾಟವನ್ನೂ ಆಡದೆ ಕಾಲೇಜು ಮುಗಿಸಬೇಕು. ಸಾಲದ್ದಕ್ಕೆ ಅದು ನಮ್ಮ ಸೋದರತ್ತೆಯ ಊರು. ಅತ್ತೆಯ ಮಗಳು ಸರೋಜ ಆಟ ನೋಡಲು ಬರುವವಳಿದ್ದಳು. ಅವಳ ಕಣ್ಣೆದುರು ಬೆಂಚಿನ ಮೇಲೆ ಕೂರುವುದು ನನ್ನಿಂದಾಗದ ಮಾತು.

"ತೂಕ ಆಗೋತನಕ ಹಿಟ್ಟು ಮುಟ್ಟಬೇಡ ಕಣೋ," ಅಂದರು ಪಿ.ಟಿ. ಮೇಷ್ಟ್ರು. ಮುದ್ದೆ ಮುಟ್ಟಲಿಲ್ಲ. ಬರೀ ಮಜ್ಜಿಗೆ ಕುಡಿದುಕೊಂಡು, ನಮ್ಮೂರು ಸಾಸಲಿನ ಕೆರೆ ಏರಿ ಮೇಲೆ ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ಓಡಿದೆ. ಹುಡುಗನಿಗೆ ಚಳಿಜ್ವರವೋ, ಗಾಳಿಗೀಳಿ ಮೆಟ್ಟಿಕೊಂಡಿದೆಯೋ ಅಂತ ಊರವರು ಅವ್ವನನ್ನು ವಿಚಾರಿಸಿಕೊಂಡು ಹೋದರು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಪಂದ್ಯದ ದಿನ ಬೆಳಿಗ್ಗೆ ರಾಗಿ ಮೂಟೆ ತೂಗುವ ತಕ್ಕಡಿ ಮೇಲೆ ನನ್ನನ್ನು ನಿಲ್ಲಿಸಿದರು. ಕೂದಲೆಳೆಯಷ್ಟು ಜಾಸ್ತಿ ಬಂತು. ಅಂಗಿ ಬಿಚ್ಚಿದೆ. ಬನಿಯನ್ ಬಿಚ್ಚಿದೆ. ಕೊನೆಗೆ ಉಡಿದಾರಕ್ಕೆ ಕೈ ಹಾಕಿದಾಗ ತೂಗುವವರಿಗೇ ಗಾಬರಿಯಾಗಿ, ಆಯಿತು ಇಳಿಯಪ್ಪಾ ಅಂದುಬಿಟ್ಟರು. ಪಾಸ್!

ಪಂದ್ಯ ಇದ್ದದ್ದು ಮಧ್ಯಾಹ್ನ. ಊರಿಗೆ ಬಂದೂ ಅತ್ತೆ ಮನೆಗೆ ಮುಖ ತೋರಿಸದಿದ್ದರೆ ನೆಂಟರೆಲ್ಲ ಸೇರಿ ಆಡಿಕೊಳ್ಳುತ್ತಾರೆ. ಒಂದು ಲೋಟ ನೀರು ಕುಡಿದು ಬರೋಣ ಅಂತ ಹೋದೆ. ಬಾಗಿಲಲ್ಲೇ ಘಮ್ಮೆಂದಿತು. ಹಿತಕಿದ ಅವರೆಬೇಳೆ ಸಾರು! ಅಳಿಯ ಬಂದ ಅಂತ ಅತ್ತೆ ಮಣೆ ಹಾಕಿದರು. ಬೇಡ ಅನ್ನಲು ಬಾಯಿ ತೆರೆದೆ, ತೆರೆದ ಬಾಯಿಗೆ ಬೇರೆ ಕೆಲಸ ಸಿಕ್ಕಿತು. ಸರೋಜ ತಲೆ ಎತ್ತದೆ, "ಇನ್ನೊಂದು ಮುದ್ದೆ ಹಾಕ್ಲಾ ಬಾವ?" ಅಂದಳು. ತೂಕ ಹೇಗೂ ಮುಗಿದಿತ್ತಲ್ಲ! ಅವಳು ಕೇಳುತ್ತಾ ಹೋದಳು, ನಾನು ಹೂಂ ಅನ್ನುತ್ತಾ ಹೋದೆ.

ಎದುರಾಳಿ ದೇವನಹಳ್ಳಿ ಕಾಲೇಜು. ಅವರ ಕಡೆಯಿಂದ ದಾಳಿಗೆ ಬಂದವನು ಸರೋಜಳ ಅಣ್ಣ ರಾಜಣ್ಣನೇ. ಕಬಡ್ಡಿ ಕಬಡ್ಡಿ ಅನ್ನುತ್ತಾ ನೇರ ನನ್ನ ಮೂಲೆಗೇ ಬಂದ. ಕಾಲು ಹಿಡಿಯಲು ಬಗ್ಗಿದೆ. ಅಂದರೆ, ಬಗ್ಗಬೇಕು ಅಂದುಕೊಂಡೆ. ನಡುವೆ ಮುದ್ದೆಗಳಿದ್ದವು. ಅವನು ಆರಾಮಾಗಿ ನನ್ನ ಹೊಟ್ಟೆ ಸವರಿ ವಾಪಸ್ ಹೋದ. ಔಟ್! ನಮ್ಮವರು ಪಾಪ, ಬೆವರು ಸುರಿಸಿ ಅಂಕ ತಂದು ನನಗೆ ಜೀವ ಕೊಟ್ಟರು. ರಾಜಣ್ಣ ಮತ್ತೆ ಬಂದು ಅದನ್ನು ತೆಗೆದುಕೊಂಡು ಹೋದ. ಆಟ ಮುಗಿಯುವವರೆಗೂ ಇದೇ ನಡೆಯಿತು. ಸೋತೆವು. ಇವನನ್ನು ಮಧ್ಯಾಹ್ನವೂ ಒಂದು ಸಲ ತೂಗಬೇಕಿತ್ತು ಅಂತ ಮೇಷ್ಟ್ರು ತಲೆ ಚಚ್ಚಿಕೊಂಡರು. ನನ್ನ ಕ್ರೀಡಾಜೀವನ ಅಲ್ಲಿಗೆ ಸಮಾಪ್ತಿಯಾಯಿತು.

ಮುಂದೆ ಸರೋಜಳೇ ನನ್ನ ಹೆಂಡತಿಯಾದಳು. ಮೊದಲ ವರ್ಷದ ಅವರೆಕಾಯಿ ಕಾಲದಲ್ಲಿ ಊಟಕ್ಕೆ ಕೂತಿದ್ದಾಗ, ಆವತ್ತು ನಾನು ಸೋತಿದ್ದಕ್ಕೆ ಬೇಜಾರಾಗಿತ್ತಾ ಅಂತ ಮೆಲ್ಲಗೆ ಕೇಳಿದೆ.

"ಬೇಜಾರ್ಯಾಕೆ? ಬಾವ ಬಂದ್ರೆ ಬಗ್ಗೋಕಾಗ್ದಂಗೆ ಬಡಿಸು ಅಂತ ಅಣ್ಣ ಹೇಳ್ಬಿಟ್ಟೇ ಹೋಗಿದ್ದ," ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷದ ತಪಸ್ಸು! ಊಟ ಬಿಟ್ಟು ಎದ್ದೇಬಿಡಬೇಕು ಅನ್ನುವಷ್ಟರಲ್ಲಿ ಅವಳು ನಗು ತಡೆದುಕೊಂಡು, "ಇನ್ನೊಂದು ಹಾಕ್ಲಾ?" ಅಂದಳು.

ಕಾಲು ಹಿಡಿಯಲೆಂದೇ ತಂಡದಲ್ಲಿದ್ದವನು ನಾನು. ಜೀವಮಾನದಲ್ಲಿ ಬಿಗಿಯಾಗಿ ಹಿಡಿದದ್ದು ಊಟದ ತಟ್ಟೆಯೊಂದನ್ನೇ. ಅದನ್ನೇ ಅವಳ ಮುಂದೆ ಹಿಡಿದೆ.